ಎರಡು ಕಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಕಟ್ಟು ಗೆಲ್ಲುತ್ತಿದ್ದರೆ? ಆಡಿದವರ ಅನುಭವ

ಕೇಳಿದ್ದು, ತೀರ್ಥಹಳ್ಳಿ ಕಡೆಯಿಂದ

ಮಳೆ ರಜೆ ಶುರುವಾಗಿ ಮೂರು ದಿನ ಆಯಿತು. ಬೆಂಗಳೂರಿನ ತಮ್ಮ ಬಂದಾಗ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಎಲೆ (ಕಾರ್ಡ್) ಆಟದ ಹಳೆಯ ಪೆಟ್ಟಿಗೆಯೊಂದನ್ನು ಮಕ್ಕಳಿಗೆ ಕೊಟ್ಟು ಹೋಗಿದ್ದಾನೆ. ಡ್ಯುಯೆಲ್ ಡೆಕ್ಸ್ ಅಂತ ಹೆಸರು. ಕಥೆಗಳಲ್ಲಿ ಬರುವ ಜೀವಿಗಳ ಎಲೆಗಳು: ಎಲ್ಫ್‌ಗಳದ್ದು ಒಂದು ಕಟ್ಟು, ಗಾಬ್ಲಿನ್‌ಗಳದ್ದು ಇನ್ನೊಂದು, ತಲಾ 60 ಎಲೆ. 14 ವರ್ಷದ ದೊಡ್ಡವನು ಎಲ್ಫ್ ಹಿಡಿಯುತ್ತಾನೆ, 10ರ ಚಿಕ್ಕವನು ಗಾಬ್ಲಿನ್. 10 ಆಟದಲ್ಲಿ 7 ದೊಡ್ಡವನೇ ಗೆದ್ದ. ನಿನ್ನೆ ಚಿಕ್ಕವನು ಪೆಟ್ಟಿಗೆಯನ್ನೇ ಅಟ್ಟದ ಮೇಲೆ ಬಚ್ಚಿಟ್ಟಿದ್ದ. ಕಟ್ಟೇ ಸಮ ಇಲ್ಲವಾ? ಎಲೆ ಬದಲಾಯಿಸಬೇಕಾ?

ಸಾಗರದಿಂದ

ಮೊದಲು ಕಟ್ಟು ಅದಲು ಬದಲು ಮಾಡಿಸಿ. ದೊಡ್ಡವನು ಗಾಬ್ಲಿನ್ ಹಿಡಿದೂ ಗೆದ್ದರೆ ತಪ್ಪು ಕಟ್ಟಿನದಲ್ಲ, ನಾಲ್ಕು ವರ್ಷದ ಅಂತರದ್ದು. ನಮ್ಮ ಮನೆಯಲ್ಲಿ ಹಾಗೇ ಆಗಿತ್ತು. ಒಂದು ತಿಂಗಳು ಸುಮ್ನೆ ಕಟ್ಟಿಗೆ ಬೈದೆವು.

ಶಿವಮೊಗ್ಗದಿಂದ

ಈ ಪೆಟ್ಟಿಗೆ ನನ್ನ ಹತ್ತಿರವೂ ಇದೆ. ಡ್ಯುಯೆಲ್ ಡೆಕ್ಸ್ ಸಾಲು ಶುರುವಾಗಿದ್ದೇ 2007ರಲ್ಲಿ, ಇದೇ ಎಲ್ಫ್ ಮತ್ತು ಗಾಬ್ಲಿನ್ ಜೋಡಿಯಿಂದ. 2018ರಲ್ಲಿ ನಿಂತುಹೋಯಿತು.

ನಿಮ್ಮ ಲೆಕ್ಕದಿಂದ ಶುರು ಮಾಡುತ್ತೇನೆ. ಎರಡೂ ಕಡೆ ಪಕ್ಕಾ ಸಮ ಇದೆ ಅಂತಲೇ ಇಟ್ಟುಕೊಳ್ಳಿ. ನಾಣ್ಯ ಚಿಮ್ಮಿದ ಹಾಗೆ. ಆಗಲೂ 10 ಆಟದಲ್ಲಿ ಯಾರಾದರೂ ಒಬ್ಬರು 7 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವುದು ಮೂರು ಸಲಕ್ಕೆ ಒಂದು ಸಲ ಆಗಿಯೇ ಆಗುತ್ತದೆ. ಅಂದರೆ 7–3 ನೋಡಿ ಏನೂ ಹೇಳಲು ಆಗುವುದಿಲ್ಲ. 20 ಆಟದಲ್ಲಿ 15–5 ಬಂದರೆ ಆಗ ಅನುಮಾನ ಪಡಿ. ಸಮ ಇರುವ ಕಡೆ ಅಷ್ಟು ವಾಲುವುದು 100ಕ್ಕೆ 4 ಸಲ ಮಾತ್ರ. ನಾವು ಗೋಡೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಗೀಟು ಎಳೆಯುತ್ತಿದ್ದೆವು. ಯಾರು ಗೆದ್ದರು ಅನ್ನುವುದರ ಜೊತೆ ಯಾರು ಮೊದಲು ಆಡಿದರು ಅಂತಲೂ ಬರೆಯಿರಿ. ಮೊದಲು ಆಡುವವರು ಮೊದಲ ಸರದಿಯಲ್ಲಿ ಎಲೆ ಎಳೆಯುವಂತಿಲ್ಲ ಅನ್ನೋ ನಿಯಮ ಇದೆಯಲ್ಲ, ಅದನ್ನು ಮಕ್ಕಳು ಮರೆಯುತ್ತಾರೆ. ನಮ್ಮಲ್ಲಿ ದೊಡ್ಡವರೂ ಬೇಕೆಂದೇ ಮರೆಯುತ್ತಿದ್ದರು.

ಈಗ ಆಟಕ್ಕೆ ಬರೋಣ. ಎಲ್ಫ್ ಕಟ್ಟಿನಲ್ಲಿ ವೆಲ್‌ವಿಷರ್ ಅಂತ ಒಂದು ಎಲೆ ಇದೆ. ನೋಡಲು ಬಡಪಾಯಿ, 1/1, ಅಂದರೆ ಹೊಡೆಯುವುದು ಒಂದು, ಒಂದು ಪೆಟ್ಟು ಬಿದ್ದರೆ ಸತ್ತಿತು. ಆದರೆ ಅದನ್ನು ಅಡ್ಡ ತಿರುಗಿಸಿದರೆ ಹಾಸಿನ ಮೇಲೆ ಎಷ್ಟು ಎಲ್ಫ್ ಇವೆಯೋ ಅಷ್ಟು ಲೈಫ್ (ಆಡುವವನ ಜೀವದ ಅಂಕ, ಸೊನ್ನೆಯಾದರೆ ಸೋಲು) ಬರುತ್ತದೆ. ಐದು ಎಲ್ಫ್ ಇದ್ದರೆ ಪ್ರತಿ ಸರದಿಗೆ ಐದು. ಗಾಬ್ಲಿನ್ ಕಡೆಯವನು ಕಷ್ಟಪಟ್ಟು ನಾಲ್ಕು ಕಳೆದರೆ ಐದು ವಾಪಸ್ಸು. 20ರಿಂದ ಶುರುವಾದ ಲೈಫ್ 40 ದಾಟುತ್ತದೆ. ನಿಮ್ಮ ಚಿಕ್ಕವನಿಗೆ ಅಳು ಬಂದಿದ್ದು ಇಲ್ಲೇ ಇರಬೇಕು. ನನಗೂ ಬಂದಿತ್ತು, ಆಗ ನನಗೆ 23.

ಔಷಧಿ ಅವನ ಕೈಯಲ್ಲೇ ಇದೆ. ಮಾಗ್ ಫೆನಾಟಿಕ್. ಒಂದೇ ಮಾನಾದ (ಎಲೆ ಇಳಿಸಲು ತೆರುವ ಶಕ್ತಿ) ಗಾಬ್ಲಿನ್. ಅದನ್ನು ಬಲಿ ಕೊಟ್ಟರೆ ಬೇಕಾದ ಕಡೆ ಒಂದು ಪೆಟ್ಟು ಹಾಕಬಹುದು. ಹೊಸಬರು ಅದನ್ನು ಎದುರಾಳಿಯ ಮೇಲೇ ಎಸೆಯುತ್ತಾರೆ, 20 ಹೋಗಿ 19 ಆಗುತ್ತದೆ, ಖುಷಿ. ಹಾಗೆ ಮಾಡದೆ ಕಾಯಿಸಬೇಕು. ವೆಲ್‌ವಿಷರ್ ಇಳಿದ ಸರದಿಯಲ್ಲೇ ಕೆಲಸ ಶುರು ಮಾಡುವುದಿಲ್ಲ, ಒಂದು ಸುತ್ತು ಸುಮ್ಮನಿರಬೇಕು. ಆ ಸಂದಿಯಲ್ಲೇ ಫೆನಾಟಿಕ್ ಅದನ್ನು ಮುಗಿಸಬೇಕು. ಇದೊಂದು ಗೊತ್ತಾದ ಮೇಲೆ ನಮ್ಮ ಗೀಟುಗಳು ಗಾಬ್ಲಿನ್ ಕಡೆ ತಿರುಗಿದವು. ಎಲೆ ಒಂದೂ ಬದಲಾಯಿಸಿರಲಿಲ್ಲ.

ಹುಲಿ-ಕುರಿ ಆಟ ಆಡಿದ್ದೀರಲ್ಲ? ನಮ್ಮ ಮನೆಯಲ್ಲಿ ಮೂರು ಹುಲಿ, ಹದಿನೈದು ಕುರಿ ಇಟ್ಟು ಆಡುತ್ತಿದ್ದೆವು. ಕಲಿಯುವವರು ಕುರಿ ಹಿಡಿದರೆ ಹುಲಿಯದ್ದೇ ಹಬ್ಬ. ನಮ್ಮಜ್ಜಿ ಕುರಿ ಹಿಡಿದು ಕೂತರೆ ಹುಲಿ ಗೆದ್ದಿದ್ದನ್ನು ನಾನು ನೋಡಿಲ್ಲ. ಹಲಗೆ ಅದೇ, ಕಾಯಿ ಅವೇ. ಇಂಥ ಜೋಡಿ ಕಟ್ಟುಗಳೂ ಹಾಗೇ. ಎಲ್ಫ್ ಕಟ್ಟನ್ನು ಕಣ್ಣು ಮುಚ್ಚಿ ಎಲೆ ಇಳಿಸುತ್ತಾ ಹೋದರೂ ಬೆಳೆಯುತ್ತದೆ. ಗಾಬ್ಲಿನ್ ಕಟ್ಟಿಗೆ ಯಾವಾಗ ಹೊಡೆಯಬೇಕು, ಯಾವಾಗ ತಡೆಯಬೇಕು ಅನ್ನುವುದು ಗೊತ್ತಿರಬೇಕು. ಕಷ್ಟದ ಕಟ್ಟು ಚಿಕ್ಕವನ ಕೈಗೆ ಹೋಗಿದೆ, ಅಷ್ಟೇ.

ಹೊಸನಗರದಿಂದ

ಮೇಲಿನವರು ಕಲಸುವ ವಿಷಯ ಬಿಟ್ಟರು. ಮಳೆಗಾಲದಲ್ಲಿ ನಮ್ಮ ಕಡೆ ಹಪ್ಪಳವೇ ಗರಿಗರಿ ಇರುವುದಿಲ್ಲ, ಇನ್ನು ರಟ್ಟಿನ ಎಲೆ ಇರುತ್ತದಾ? ತೇವ ಕುಡಿದು ಒಂದಕ್ಕೊಂದು ಅಂಟುತ್ತವೆ. ಆಟ ಮುಗಿದಾಗ ಮಾನಾ ಕೊಡುವ ಲ್ಯಾಂಡ್ ಎಲೆಗಳನ್ನು ಒಟ್ಟಿಗೆ ಬಾಚಿ ಇಟ್ಟಿರುತ್ತೇವೆ. ಮುಂದಿನ ಆಟಕ್ಕೆ ಎರಡು ಸಲ ಕಲಸಿದರೆ ಅವು ಗುಂಪಾಗಿಯೇ ಉಳಿಯುತ್ತವೆ. ಒಬ್ಬನಿಗೆ ಬರೀ ಲ್ಯಾಂಡ್, ಇನ್ನೊಬ್ಬನಿಗೆ ಒಂದೂ ಇಲ್ಲ. ಚೆನ್ನಾಗಿ ಕಲಸಿದರೂ 60ರಲ್ಲಿ 24 ಲ್ಯಾಂಡ್ ಇದ್ದರೆ, ಮೊದಲ ಏಳು ಎಲೆಯಲ್ಲಿ ಒಂದೇ ಲ್ಯಾಂಡ್ ಬರುವುದು ಅಥವಾ ಒಂದೂ ಬಾರದಿರುವುದು ಏಳು ಸಲಕ್ಕೆ ಒಂದು ಸಲ ಇದ್ದಿದ್ದೇ. ಅಂಥ ಕೈ ಬಂದರೆ ವಾಪಸ್ ಹಾಕಲು ಹೇಳಿಕೊಡಿ. 2019ರ ನಿಯಮದ ಪ್ರಕಾರ ಮತ್ತೆ ಏಳು ಎಳೆದು, ಒಂದನ್ನು ಕಟ್ಟಿನ ಅಡಿಗೆ ಇಟ್ಟರಾಯಿತು. ಮಕ್ಕಳಿಗೆ ಮೊದಲ ಸಲ ಪುಕ್ಕಟೆ ಕೊಡಿ, ಯಾರು ಬೈಯುತ್ತಾರೆ.

ಎಲೆಗಳಿಗೆ ಸ್ಲೀವ್ (ಪ್ಲಾಸ್ಟಿಕ್ ಕವರ್) ಹಾಕಿ. ಎಲೆ ಒಂದು ಕಡೆ ಬಾಗಿದರೆ ಹಿಂದಿನಿಂದಲೇ ಗುರುತು ಸಿಗುತ್ತದೆ. ನಮ್ಮ ಹುಡುಗ ಬಾಗಿದ ಎಲೆ ನೋಡಿ "ಈಗ ಡ್ರ್ಯಾಗನ್ ಬರುತ್ತೆ" ಅಂತ ಮೊದಲೇ ಹೇಳುತ್ತಿದ್ದ.

ಭದ್ರಾವತಿಯಿಂದ

ನಾನು ಒಪ್ಪುವುದಿಲ್ಲ. ಮಕ್ಕಳಿಗೆ 20 ಆಟ ಸೋಲುವ ತಾಳ್ಮೆ ಎಲ್ಲಿರುತ್ತದೆ? ಸೋತವನು ಮುಂದಿನ ಆಟಕ್ಕೆ ಎದುರಾಳಿಯ ಕಟ್ಟಿನಿಂದ ಒಂದು ಎಲೆ ಹೊರಗಿಡಲಿ. ನಾವು ಹೀಗೇ ಆಡುತ್ತೇವೆ, ಜಗಳ ಕಡಿಮೆ.

ಶಿವಮೊಗ್ಗದಿಂದ, ಮತ್ತೆ

ಆಗಬಹುದು. ಆದರೆ ವೆಲ್‌ವಿಷರ್ ತೆಗೆದರೆ ಎಲ್ಫ್ ಕಟ್ಟು ಸೊರಗುತ್ತದೆ, ಆಮೇಲೆ ದೊಡ್ಡವನು ಅಟ್ಟ ಹತ್ತುತ್ತಾನೆ. ತೆಗೆಯುವುದೇ ಆದರೆ ಒಂದೇ ಎಲೆ ತೆಗೆದು ನಾಲ್ಕೈದು ಆಟ ನೋಡಿ. ಅದಕ್ಕಿಂತ, ಚಿಕ್ಕವನು 25 ಲೈಫಿನಿಂದ ಶುರು ಮಾಡಲಿ. ಎಲೆ ಮುಟ್ಟುವುದು ಬೇಡ, ಅಭ್ಯಾಸವಾದ ಮೇಲೆ ಒಂದೊಂದೇ ಇಳಿಸಿದರಾಯಿತು.

ಶಿಕಾರಿಪುರದಿಂದ

ನಮ್ಮದು ಪೋಕೆಮಾನ್, ಅದೂ ಎಲೆ ಆಟವೇ. 2020ರ ಬ್ಯಾಟಲ್ ಅಕಾಡೆಮಿ ಪೆಟ್ಟಿಗೆಯಲ್ಲಿ ಪಿಕಾಚು, ಚಾರಿಝಾರ್ಡ್, ಮ್ಯೂಟೂ ಅಂತ ಮೂರು ಕಟ್ಟು. ಇಬ್ಬರೇ ಆಡಿದರೂ ಒಂದು ಕಟ್ಟು ಹೊರಗೆ ಕೂರುತ್ತದೆ, ಪ್ರತಿ ಆಟಕ್ಕೂ ಸುತ್ತು ಹಾಕಬಹುದು. "ನಂದೇ ಕಟ್ಟು" ಅನ್ನೋ ಹಟವೇ ಹುಟ್ಟುವುದಿಲ್ಲ.

ಕೇಳಿದವರು, ಮೂರು ದಿನ ಬಿಟ್ಟು

ಕರೆಂಟ್ ಇಲ್ಲದೆ ಉತ್ತರ ತಡವಾಯಿತು. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಬಾಗಿದ ಎಲೆಗಳನ್ನು ಅಕ್ಕಿ ಡಬ್ಬದ ಅಡಿ ಒತ್ತಿಟ್ಟು ನೆಟ್ಟಗೆ ಮಾಡಿದೆವು. ಕಟ್ಟು ಅದಲು ಬದಲಾಗಿ ಆರು ಆಟ ಆಯಿತು. ಚಿಕ್ಕವನು ಎಲ್ಫ್ ಹಿಡಿದು ನಾಲ್ಕು ಗೆದ್ದ. ಫೆನಾಟಿಕ್ ಗುಟ್ಟನ್ನು ದೊಡ್ಡವನಿಗೆ ಇನ್ನೂ ಹೇಳಿಲ್ಲ. ನಿನ್ನೆ ಸಂಜೆ ಚಿಕ್ಕವನ ಲೈಫ್ 43 ಆಗಿದ್ದಾಗ ಅವನು ಎಲೆ ಎಸೆದು ಎದ್ದ, "ಈ ಕಟ್ಟೇ ಸರಿ ಇಲ್ಲ" ಅಂದ. ಚಿಕ್ಕವನು ಹಾಳೆಯಲ್ಲಿ ಗೀಟು ಎಳೆಯುತ್ತಾ ಕೂತಿದ್ದ.