ಅಪ್ಪನ ವಿ8, ಚಿಕ್ಕಪ್ಪನ ಡೀಸೆಲ್

‘ಮನೆಮಂದಿ’ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಒಂದು ವಿಡಿಯೊ ಹಂಚಿದರು. ಯಾರೋ ಹಳೆಯ ರೇಂಜ್ ರೋವರ್‌ನ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸುತ್ತಾರೆ. ನಾಲ್ಕೇ ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ, ಹಿನ್ನೆಲೆಯಲ್ಲಿ ಸಂಗೀತ ಬೇರೆ. ಅಪ್ಪ ಬಿಟ್ಟುಹೋದ 1987ರ ರೇಂಜ್ ರೋವರ್ ನಮ್ಮೆಲ್ಲರದು, ಹಾಗಾಗಿ ಯಾರದೂ ಅಲ್ಲ. ಅದರಲ್ಲಿರುವುದು ವಿ8, ಅಂದರೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಓಡಿಸುವವರು ಚಿಕ್ಕಪ್ಪ, ಪೆಟ್ರೋಲ್ ಖರ್ಚು ಹಂಚಿಕೊಳ್ಳುವವರು ನಾವು. ಮುಂದಿನದನ್ನು ಗುಂಪಿನಿಂದಲೇ ಎತ್ತಿ ಇಲ್ಲಿ ಹಾಕಿದ್ದೇನೆ. ‘ಶುಭೋದಯ’ದ ಹೂವಿನ ಚಿತ್ರಗಳನ್ನು ಮಾತ್ರ ಬಿಟ್ಟಿದ್ದೇನೆ.

ಚಿಕ್ಕಪ್ಪ: ಎಲ್ಲರೂ ಪೂರ್ತಿ ನೋಡಿ. ನಮ್ಮ ಗಾಡಿಗೂ ಇದೇ ಮದ್ದು. 200ಟಿಡಿಐ, 2.5 ಲೀಟರ್ ಟರ್ಬೊ ಡೀಸೆಲ್. ಲೀಟರಿಗೆ ಒಂಬತ್ತು ಕಿಲೋಮೀಟರ್ ಬರುತ್ತದೆ.

ಭಾವ: ಈಗ ಎಷ್ಟು ಬರುತ್ತಿದೆ ಮಾವ?

ಚಿಕ್ಕಪ್ಪ: ಮೂರೂವರೆ.

ತಮ್ಮ: ಅದು ಗಾಡಿಯಲ್ಲ, ಅಗಸ್ತ್ಯ ಮುನಿ.

ಅಕ್ಕ: ಚಿಕ್ಕಪ್ಪ, ಆ ವಿಡಿಯೊದಲ್ಲಿ ಎಂಜಿನ್ ಕೂರಿಸುವುದನ್ನು ತೋರಿಸಿದ್ದಾರೆ. ಉಳಿದದ್ದನ್ನು ತೋರಿಸಿಲ್ಲ.

ಚಿಕ್ಕಪ್ಪ: ಉಳಿದದ್ದು ಏನಿದೆ? ನಾಲ್ಕು ಬೋಲ್ಟ್, ಎರಡು ಪೈಪ್.

(ಅಕ್ಕ ‘ಟೈಪ್ ಮಾಡುತ್ತಿದ್ದಾರೆ’ ಎಂದು ಆರು ನಿಮಿಷ ತೋರಿಸಿತು. ಅವಳು ಹದಿನೈದು ವರ್ಷ ವಾಹನಗಳ ಬಿಡಿಭಾಗಗಳ ವಿನ್ಯಾಸದಲ್ಲಿ ಕೆಲಸ ಮಾಡಿದವಳು. ನಾನು ಮೊಬೈಲ್ ಕೆಳಗಿಟ್ಟು ಬಟ್ಟೆ ಒಣಹಾಕಿ ಬಂದೆ.)

ಅಕ್ಕ: ಬ್ರೇಕಿನಿಂದ ಶುರು ಮಾಡೋಣ. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್, ಅಂದರೆ ಗಾಳಿಯನ್ನು ಒಳಬಿಡುವ ಕವಾಟ, ಮುಚ್ಚಿದಾಗ ಗಾಳಿ ಹೋಗುವ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ನಿರ್ವಾತ ಹುಟ್ಟುತ್ತದೆ. ಬ್ರೇಕ್ ಒತ್ತುವ ಕಾಲಿಗೆ ಬಲ ಕೂಡಿಸುವ ಬೂಸ್ಟರ್ ಅದರಿಂದಲೇ ಕೆಲಸ ಮಾಡಬಲ್ಲದು. ಡೀಸೆಲ್ ಎಂಜಿನ್‌ಗೆ ಅಂಥ ಥ್ರಾಟಲ್ ಇಲ್ಲ, ಆದ್ದರಿಂದ ಬೂಸ್ಟರ್‌ಗೆ ಬೇರೆಯೇ ವ್ಯಾಕ್ಯೂಮ್ ಪಂಪ್ ಬೇಕು. ಅದನ್ನು ಮರೆತರೆ ಎರಡು ಟನ್ ಹತ್ತಿರದ ಗಾಡಿಯನ್ನು ನಿಮ್ಮ ಕಾಲಿನ ಬಲದಿಂದಲೇ ನಿಲ್ಲಿಸಬೇಕು. ಟ್ಯಾಂಕ್ ಪೂರ್ತಿ ತೊಳೆಯಬೇಕು. ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಪೆಟ್ರೋಲ್ ಬೆರೆತರೆ ಪಂಪ್ ಸವೆಯುತ್ತದೆ. ಟರ್ಬೊದಲ್ಲಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಜಾಗ ಮಾಡಬೇಕು. ಷಾಸಿಯ ಮೇಲೆ ಎಂಜಿನ್ ಮೌಂಟ್‌ಗಳನ್ನು ಹೊಸದಾಗಿ ಬೆಸೆಯಬೇಕು, ಸೈಲೆನ್ಸರ್ ಪೈಪ್ ಬೇರೆ ದಾರಿಯಲ್ಲಿ ಹೋಗಬೇಕು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಇಗ್ನಿಷನ್‌ನಿಂದ ಸಂಕೇತ ಪಡೆಯುತ್ತದೆ; ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಇಲ್ಲದ ಎಂಜಿನ್‌ನಲ್ಲಿ ಅದು ಸೊನ್ನೆಯಲ್ಲೇ ಮಲಗಿರುತ್ತದೆ.

ಚಿಕ್ಕಪ್ಪ: ಮುಳ್ಳು ನೋಡಿ ಗಾಡಿ ಓಡಿಸುವವನಲ್ಲ ನಾನು.

ಅಕ್ಕ: ಗೇರ್‌ಬಾಕ್ಸ್ ನೋಡುತ್ತದಲ್ಲ. ನಮ್ಮದು ಆಟೊಮ್ಯಾಟಿಕ್, ಝಡ್‌ಎಫ್‌ನ ನಾಲ್ಕು ಗೇರಿನದು. ಯಾವ ವೇಗದಲ್ಲಿ ಗೇರ್ ಏರಬೇಕು ಎಂದು ಅದರೊಳಗಿನ ಗವರ್ನರ್‌ಗೆ ವಿ8ರ ಲೆಕ್ಕದಲ್ಲಿ ಪಾಠ ಹೇಳಿಕೊಟ್ಟಿದ್ದಾರೆ. ವಿ8ರ ಗರಿಷ್ಠ ಶಕ್ತಿ ಬರುವುದು 4,750 ಆರ್‌ಪಿಎಂನಲ್ಲಿ, ಈ ಡೀಸೆಲ್ ಎಂಜಿನ್‌ನದು 4,000ಕ್ಕೇ ಮುಗಿಯಿತು. ಜೋರಾಗಿ ಒತ್ತಿದರೆ ಗೇರ್ ಏರುವುದೇ ಇಲ್ಲ. ಎಂಜಿನ್ ಅರಚುತ್ತದೆ, ಗಾಡಿ ಅಲ್ಲೇ ಇರುತ್ತದೆ.

ತಮ್ಮ: ಎಂಜಿನ್ ಏಕೆ ಬದಲಿಸಬೇಕು? ಇರುವ ವಿ8 ಅನ್ನೇ ಡೀಸೆಲ್ ಮಾಡಲಾಗದೇ?

ಅಕ್ಕ: ನಮ್ಮದರ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದು, 9.35. ಟಿಡಿಐನದು 19.5. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯಿಲ್ಲ, ಗಾಳಿಯನ್ನು ಹಿಂಡಿದ ಕಾವಿಗೇ ಇಂಧನ ಹೊತ್ತಿಕೊಳ್ಳಬೇಕು. ಆ ಒತ್ತಡವನ್ನು ಅಲ್ಯುಮಿನಿಯಂ ಬ್ಲಾಕ್ ತಾಳಿಕೊಳ್ಳುತ್ತದೆಂದು ನಾನಂತೂ ನಂಬುವುದಿಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ತನ್ನ ಪೆಟ್ರೋಲ್ ವಿ8ರ ವಿನ್ಯಾಸವನ್ನೇ ಆಧರಿಸಿ 1978ರ ಮಾದರಿಗಳಿಗೆ ಡೀಸೆಲ್ ವಿ8 ತಂದಿತು. ಅದು ಎರಕದ ಕಬ್ಬಿಣದ್ದು, ಬ್ಲಾಕನ್ನು ಇನ್ನೂ ಗಟ್ಟಿ ಮಾಡಿದ್ದರು. ಆದರೆ ಎಂಜಿನ್‌ನ ಮೇಲ್ಭಾಗವನ್ನು ಬ್ಲಾಕಿಗೆ ಬಿಗಿಯುವ ಹೆಡ್ ಬೋಲ್ಟ್‌ಗಳ ಜೋಡಣೆ ಹಳೆಯದೇ ಉಳಿಯಿತು. ಬೋಲ್ಟ್‌ಗಳು ಜಗ್ಗಿದವು, ಗ್ಯಾಸ್ಕೆಟ್‌ಗಳು ಹೋದವು. 1985ಕ್ಕೆ ಆಟ ಮುಗಿಯಿತು.

ಚಿಕ್ಕಪ್ಪ: ಅಮೆರಿಕದ ಕಥೆ ನಮಗೇಕೆ?

ತಮ್ಮ: ಚಿಕ್ಕಪ್ಪ, ನಮ್ಮ ವಿ8 ಕೂಡ ಮೂಲತಃ ಅಮೆರಿಕದ್ದೇ. ಬ್ಯೂಕ್ 1961ರಲ್ಲಿ ತಂದು, ಮೂರೇ ವರ್ಷಕ್ಕೆ ಕೈಬಿಟ್ಟ ಎಂಜಿನ್. ರೋವರ್‌ನವರು ಹಕ್ಕು ಪಡೆದು 1967ರಿಂದ ತಮ್ಮ ಕಾರಿಗೆ ಹಾಕಿದರು.

(ತಮ್ಮನಿಗೆ ಇದೆಲ್ಲ ಗೊತ್ತಿದೆ. ಟೈರಿನ ಗಾಳಿ ನೋಡಲು ಮಾತ್ರ ಬರುವುದಿಲ್ಲ.)

ಚಿಕ್ಕಪ್ಪ: ಸರಿ, ನಾನೂ ಒಂದು ಹೇಳುತ್ತೇನೆ. ಡೀಸೆಲ್ ಹಾಕುವುದು ಪಾಪವಾದರೆ ಆ ಪಾಪವನ್ನು ಮೊದಲು ಮಾಡಿದ್ದು ಕಂಪನಿಯೇ. 1986ರಲ್ಲೇ ಇಟಲಿಯ ವಿಎಂ ಡೀಸೆಲ್ ಹಾಕಿ ರೇಂಜ್ ರೋವರ್ ಮಾರಿತು. ಮುಂದೆ ಇದೇ 200ಟಿಡಿಐ ಅನ್ನೂ ಹಾಕಿತು. ಟಾರ್ಕ್, ಅಂದರೆ ತಿರುಗಿಸುವ ಬಲ, ಕೇಳಿ: ವಿ8ರದು ಸುಮಾರು 280 ನ್ಯೂಟನ್ ಮೀಟರ್, ಡೀಸೆಲ್‌ನದು 265. ವ್ಯತ್ಯಾಸ ಎಲ್ಲಿದೆ? ಅದೂ 1,800 ಆರ್‌ಪಿಎಂನಲ್ಲೇ ಸಿಗುತ್ತದೆ. ವಿ8 ಅನ್ನು 3,200ರವರೆಗೆ ತಿರುಗಿಸಬೇಕು. ಕಲ್ಲಿನ ಏರಿನಲ್ಲಿ, ಕೆಸರಿನಲ್ಲಿ ಯಾವುದು ಮೇಲು? ನೀರು ದಾಟುವಾಗ ಒದ್ದೆಯಾಗಿ ಕೈಕೊಡಲು ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ, ಪ್ಲಗ್ ವೈರ್ ಇಲ್ಲ.

ಅಕ್ಕ: ಇದು ಸರಿಯಾದ ಮಾತು. ಒಪ್ಪುತ್ತೇನೆ.

(ಅಕ್ಕ ‘ಒಪ್ಪುತ್ತೇನೆ’ ಎಂದದ್ದಕ್ಕೆ ಚಿಕ್ಕಪ್ಪ ಮೂರು ಕೈಮುಗಿಯುವ ಚಿಹ್ನೆ ಹಾಕಿದರು.)

ಅಕ್ಕ: ಆದರೆ ಹೆದ್ದಾರಿಯಲ್ಲಿ 165 ಅಶ್ವಶಕ್ತಿ 111ಕ್ಕೆ ಇಳಿಯುತ್ತದೆ. ಕಂಪನಿ ಡೀಸೆಲ್ ಹಾಕಿದಾಗ ಗೇರ್‌ಬಾಕ್ಸ್, ಕೂಲಿಂಗ್, ಸದ್ದು ತಡೆಯುವ ಹಾಸು ಎಲ್ಲವನ್ನೂ ಒಟ್ಟಿಗೆ ಯೋಚಿಸಿತ್ತು. ನೀವು ಎಂಜಿನ್ ಒಂದನ್ನೇ ಯೋಚಿಸಿದ್ದೀರಿ.

ಭಾವ: ನಾನು ಲೆಕ್ಕ ಹಾಕಿದೆ. ನಮ್ಮ ಗಾಡಿ ವರ್ಷಕ್ಕೆ ಸುಮಾರು 1,800 ಕಿಲೋಮೀಟರ್ ಓಡುತ್ತದೆ. ಮೂರೂವರೆಯಂತೆ 514 ಲೀಟರ್, ಒಂಬತ್ತರಂತೆ 200. ಉಳಿತಾಯ 314 ಲೀಟರ್.

ಚಿಕ್ಕಪ್ಪ: ನೋಡಿದಿರಾ!

ಅಕ್ಕ: ಆ ಮೂರೂವರೆಯೇ ನನಗೆ ನುಂಗಲಾಗುತ್ತಿಲ್ಲ. ಮೈ ಸರಿಯಿರುವ 3.5 ಲೀಟರ್ ವಿ8 ಐದೂವರೆಯಾದರೂ ಕೊಡಬೇಕು. ಮೂರೂವರೆ ಎಂದರೆ ಹಸಿವಲ್ಲ, ಕಾಯಿಲೆ. ಕೂಲೆಂಟ್ ತಾಪಮಾನದ ಸೆನ್ಸರ್ ಕೆಟ್ಟರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಂಜೆಕ್ಷನ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹೊಗೆ ಕಪ್ಪಗಿದೆಯೇ? ಬಿಸಿಯಾದ ಮೇಲೂ ಪೆಟ್ರೋಲ್ ವಾಸನೆ ಬರುತ್ತದೆಯೇ?

ಚಿಕ್ಕಪ್ಪ: ಬರುತ್ತದೆ. ಹಳೆಯ ಗಾಡಿ ಎಂದರೆ ಹಾಗೆಯೇ ಅಲ್ಲವೇ?

ಅಮ್ಮ: ಅವರು ಓಡಿಸುವಾಗ ವಾಸನೆ ಇರಲಿಲ್ಲ.

(ಅಮ್ಮ ಗುಂಪಿನಲ್ಲಿ ಬರೆದದ್ದು ಯುಗಾದಿಯ ನಂತರ ಇದೇ ಮೊದಲು.)

ಭಾವ: ಹಾಗಾದರೆ ಲೆಕ್ಕ ಬದಲಾಗುತ್ತದೆ. ಐದೂವರೆಯಂತೆ 327 ಲೀಟರ್. ಡೀಸೆಲ್‌ನಿಂದ ಉಳಿಯುವುದು 127 ಮಾತ್ರ. ಹೆಚ್ಚಿನ ಉಳಿತಾಯ ಸೆನ್ಸರ್‌ನಿಂದಲೇ. ಇನ್ನು ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಇಂಧನ ಎರಡೂ ಬದಲಾಗಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತದ ದಿನ ಅವರು ಕೈ ಎತ್ತುತ್ತಾರೆ.

ತಮ್ಮ: ಲೀಟರಿಗೆ ಲೀಟರ್ ಹೋಲಿಸುವುದೂ ಪೂರ್ತಿ ಸರಿಯಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈ ಆಕ್ಸೈಡ್, ಡೀಸೆಲ್ ಉರಿದರೆ 2.7. ಆ ಕಾಲದ ಡೀಸೆಲ್ ಎಂಜಿನ್‌ಗೆ ಮಸಿ ಹಿಡಿಯುವ ಫಿಲ್ಟರ್ ಕೂಡ ಇಲ್ಲ.

ಚಿಕ್ಕಪ್ಪ: (ಈ ಸಂದೇಶವನ್ನು ಅಳಿಸಲಾಗಿದೆ)

ಅಕ್ಕ: ಚಿಕ್ಕಪ್ಪ, ನಾನು ಓದಿಬಿಟ್ಟೆ.

ತಮ್ಮ: ಏನಿತ್ತು?

ಅಕ್ಕ: ‘ಮುಂಗಡ ವಾಪಸ್ ಕೊಡುವುದಿಲ್ಲವಂತೆ’ ಎಂದಿತ್ತು.

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಂದು ಫೋಟೊ ಬಂತು: ಶೆಡ್ಡಿನ ಮೂಲೆಯಲ್ಲಿ, ನೀಲಿ ಟಾರ್ಪಾಲಿನ ಕೆಳಗಿಂದ ಇಣುಕುತ್ತಿರುವ ಟರ್ಬೊ.)

ಚಿಕ್ಕಪ್ಪ: ಒಳ್ಳೆಯ ಎಂಜಿನ್. ಮುಂಗಡವಲ್ಲ, ಪೂರ್ತಿ ಹಣ ಕೊಟ್ಟು ಗುರುವಾರವೇ ತರಿಸಿದೆ. ನನ್ನದೇ ದುಡ್ಡು.

ಭಾವ: ಅಂದರೆ ಈ ಚರ್ಚೆ ಯಾತಕ್ಕೆ ಮಾವ?

ಚಿಕ್ಕಪ್ಪ: ಎಲ್ಲರ ಒಪ್ಪಿಗೆ ಬೇಕಲ್ಲಪ್ಪ.

ಅಕ್ಕ: ಟೈಮಿಂಗ್ ಬೆಲ್ಟ್ ಕೊನೆಯ ಬಾರಿ ಯಾವಾಗ ಬದಲಿಸಿದ್ದಾರೆ, ಕೇಳಿದಿರಾ? ಇದು ವಿ8ರಂತೆ ಚೈನ್ ಅಲ್ಲ, ರಬ್ಬರ್. ಓಡುವಾಗ ತುಂಡಾದರೆ ಕವಾಟಗಳನ್ನು ತೆರೆಯುವ ಪುಷ್‌ರಾಡ್‌ಗಳು ಬಾಗುತ್ತವೆ.

ಚಿಕ್ಕಪ್ಪ: ಕೇಳುತ್ತೇನೆ.

ಅಕ್ಕ: ಅದರ ಜೊತೆ ಗೇರ್‌ಬಾಕ್ಸ್ ಬಂದಿದೆಯೇ?

ಚಿಕ್ಕಪ್ಪ: ಇಲ್ಲ.

ಅಕ್ಕ: ವ್ಯಾಕ್ಯೂಮ್ ಪಂಪ್?

ಚಿಕ್ಕಪ್ಪ: ಅದು ಹೇಗಿರುತ್ತದೆ ಎಂದು ಒಂದು ಚಿತ್ರ ಕಳಿಸಮ್ಮ.

ಅಮ್ಮ: ಅದನ್ನು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಏಕೆ ಇಟ್ಟಿದ್ದೀಯ? ನೆಲಕ್ಕೆಲ್ಲ ಎಣ್ಣೆ ಸೋರಿದೆ.

ಚಿಕ್ಕಪ್ಪ: ಸಂಜೆಯೊಳಗೆ ಜರುಗಿಸುತ್ತೇನೆ ಅತ್ತಿಗೆ.

ಅಮ್ಮ: ಮೊದಲು ಆ ಸೆನ್ಸರ್ ಹಾಕಿಸು.