ಸಹಾಯ ಬೇಕು: ಮೊಬೈಲ್ ಪ್ಲಗಿನ್ ಪರೀಕ್ಷಿಸಲು ಕನ್ನಡ ಸೈಟ್ ಇರುವವರು

ನಮಸ್ಕಾರ. ಹಳೆಯ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಸೈಟ್‌ಗಳನ್ನು ಮೊಬೈಲ್, ಟ್ಯಾಬ್ಲೆಟ್‌ಗೆ ಹೊಂದಿಸುವ ಪ್ಲಗಿನ್, ಅಂದರೆ ಸೈಟ್‌ಗೆ ಸೇರಿಸುವ ಚಿಕ್ಕ ತಂತ್ರಾಂಶ, ಮಾಡಿದ್ದೇನೆ. ಬೀಟಾ ಪರೀಕ್ಷೆಗೆ (ಬಿಡುಗಡೆಗೆ ಮುಂಚೆ ಬಳಸಿ ನೋಡಲು) ಜನ ಬೇಕು.

ಮೊಬೈಲ್‌ನಲ್ಲಿ ಪರವಾಗಿಲ್ಲ. ತೊಂದರೆ ಜಾಸ್ತಿ ಇರುವುದು ಟ್ಯಾಬ್ಲೆಟ್‌ನಲ್ಲಿ. ಕೆಲವು ಟ್ಯಾಬ್ಲೆಟ್‌ಗಳಲ್ಲಿ ನೆಟ್ಟಗೆ ಹಿಡಿದಾಗ ಅಗಲ 768 ಪಿಕ್ಸೆಲ್, ಮೆನು ಸರಿಯಾಗಿ ಬರುತ್ತದೆ. ಅಡ್ಡ ತಿರುಗಿಸಿದರೆ 1024 ಆಗಿ ಎರಡೆರಡು ಮೆನು ಕಾಣಿಸುತ್ತವೆ.

ಇನ್ನೊಂದು ಕನ್ನಡದ್ದೇ ಸಮಸ್ಯೆ. ಸಾಲಿನ ಎತ್ತರ ಕಡಿಮೆಯಾದರೆ ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್ ಸೈಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಅಲ್ವಾ? ಅದಕ್ಕೇ ನೀವೇ ಬೇಕು.

ದಯವಿಟ್ಟು ಬ್ಯಾಕಪ್ ತೆಗೆದುಕೊಂಡು, ಸೈಟ್‌ನ ನಕಲಿನಲ್ಲಿ ಮಾತ್ರ ಹಾಕಿ. ಕಂಪ್ಯೂಟರ್‌ನಲ್ಲೇ ಟ್ಯಾಬ್ಲೆಟ್ ಪರದೆಯಂತೆ ತೋರಿಸುವ ಕ್ರೋಮ್‌ನ ಡಿವೈಸ್ ಮೋಡ್ ಸಾಲದು, ಕೈಯಲ್ಲಿರುವ ಟ್ಯಾಬ್ಲೆಟ್‌ನಲ್ಲೇ ನೋಡಿ. ಏನಾದರೂ ಕೆಟ್ಟರೆ ಸ್ಕ್ರೀನ್‌ಶಾಟ್ ಜೊತೆ ಬ್ರೌಸರ್, ಥೀಮ್ ಹೆಸರು ತಿಳಿಸಿ.

ಆಸಕ್ತಿ ಇದ್ದವರು ಇಲ್ಲೇ ಹೇಳಿ, ಜಿಪ್ ಫೈಲ್ ಕಳಿಸುತ್ತೇನೆ.