98 ಲಕ್ಷ ಹೇಳುತ್ತಿದ್ದಾರೆ, ಎಷ್ಟಕ್ಕೆ ಕೇಳಲಿ?

ಪ್ರಶ್ನೆ, ಮೈಸೂರಿನಿಂದ:

ದಟ್ಟಗಳ್ಳಿಯಲ್ಲಿ ಒಂದು ಮನೆ ನೋಡಿದ್ದೇವೆ. 30×40 ನಿವೇಶನ, ನೆಲಮಹಡಿ ಮಾತ್ರ, ಕಟ್ಟಿ 22 ವರ್ಷವಾಗಿದೆ, ಬಾಗಿಲು ದಕ್ಷಿಣಕ್ಕೆ. ಮಾಲೀಕರು ನಿವೃತ್ತರು, ಈಗ ಒಬ್ಬರೇ ಇದ್ದಾರೆ. ಮನೆ ಅವರ ಶ್ರೀಮತಿಯವರ ಹೆಸರಿನಲ್ಲಿತ್ತು, ಆ ತಾಯಿ ಹೋದ ವರ್ಷ ತೀರಿಕೊಂಡರು. ಮಗ ಪುಣೆಯಲ್ಲಿ, ಮಗಳು ಕೆನಡಾದಲ್ಲಿ. 98 ಲಕ್ಷ ಹೇಳುತ್ತಿದ್ದಾರೆ. ಬ್ರೋಕರ್ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ: "95ಕ್ಕೆ ನಾನು ಒಪ್ಪಿಸುತ್ತೇನೆ ಮೇಡಂ, ನಾಳೆ ಸಂಜೆಯೊಳಗೆ ಎರಡು ಲಕ್ಷ ಟೋಕನ್ ಕೊಟ್ಟುಬಿಡಿ, ಇನ್ನೊಂದು ಪಾರ್ಟಿ ಕಾಯುತ್ತಿದೆ. ಕಾಗದದಲ್ಲಿ 80 ತೋರಿಸಿ ಉಳಿದದ್ದು ನಗದು ಕೊಟ್ಟರೆ ನೋಂದಣಿ ಖರ್ಚೂ ಉಳಿಯುತ್ತದೆ." ನಮ್ಮ ಕೈಯಲ್ಲಿರುವುದು 28 ಲಕ್ಷ, ಉಳಿದದ್ದು ಬ್ಯಾಂಕ್ ಸಾಲ. ನಮ್ಮ ಮನೆಯವರು ಸೊಪ್ಪಿನವಳ ಹತ್ತಿರವೂ ಚೌಕಾಸಿ ಮಾಡಿದವರಲ್ಲ, ಹಾಗಾಗಿ ಮಾತಾಡುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲು ಎಷ್ಟು ಹೇಳಬೇಕು? ಮನೆ ಕೊಂಡವರೂ ಮಾರಿದವರೂ ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ:

75ರಿಂದ ಶುರು ಮಾಡಿ. ಬಾಯಲ್ಲಿ 98 ಎಂದರೆ ಮನಸ್ಸಿನಲ್ಲಿ 88 ಇರುತ್ತದೆ.

ಹುಬ್ಬಳ್ಳಿಯಿಂದ:

ಮೇಲಿನ ಸಲಹೆಯನ್ನು ನಾನು ಪಾಲಿಸಿ ನೋಡಿದ್ದೇನೆ. ವಿದ್ಯಾನಗರದಲ್ಲಿ ಹಳೆಯ ಮನೆ, ಯಜಮಾನರಿಗೆ 80 ದಾಟಿತ್ತು. 62 ಲಕ್ಷ ಹೇಳಿದ್ದರು. "ಕಾಲು ಭಾಗ ಇಳಿಸಿ ಕೇಳು, ಆಮೇಲೆ ಏರಿದರಾಯಿತು" ಎಂದು ನನ್ನ ಹೆಂಡತಿಯ ಅಣ್ಣ ಹೇಳಿಕೊಟ್ಟಿದ್ದ. 46 ಎಂದೆ. ಹಿರಿಯರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಫ್ಯಾನಿನ ಸ್ವಿಚ್ ಆರಿಸಿ ಒಳಗೆ ನಡೆದರು. ನಾವಿನ್ನೂ ಕುಳಿತೇ ಇದ್ದೆವು, ಕಪ್ಪಿನಲ್ಲಿ ಅರ್ಧ ಚಹಾ ಹಾಗೇ ಇತ್ತು. ಆಮೇಲೆ 55ಕ್ಕೆ ಏರಿಸಿ ಬ್ರೋಕರ್ ಕೈಯಲ್ಲಿ ಹೇಳಿ ಕಳಿಸಿದೆ, ಉತ್ತರವೇ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಆ ಮನೆ 57ಕ್ಕೆ ಹೋಯಿತು. 57ಕ್ಕಾದರೆ ನಾನೂ ಕೊಳ್ಳುತ್ತಿದ್ದೆ.

ಎರಡನೆಯ ಮನೆಗೆ ಹೋಗುವಾಗ ಬುದ್ಧಿ ಬಂದಿತ್ತು. ಆ ಬೀದಿಯಲ್ಲಿ ಈಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತು ಎಂದು ಕಿರಾಣಿ ಅಂಗಡಿಯಲ್ಲಿ, ಇಸ್ತ್ರಿಯವನ ಹತ್ತಿರ ವಿಚಾರಿಸಿದೆ. ಬ್ರೋಕರ್‌ಗಿಂತ ಇಸ್ತ್ರಿಯವನಿಗೆ ಹೆಚ್ಚು ಗೊತ್ತಿತ್ತು. ಗಾರೆ ಮೇಸ್ತ್ರಿಯೊಬ್ಬನನ್ನು ಕರೆದುಕೊಂಡು ಹೋಗಿ ತಾರಸಿಯ ಸೋರಿಕೆ, ವೈರಿಂಗ್, ಬಿರುಕು ಬಿಟ್ಟ ಸಂಪು, ಒಂದೊಂದಕ್ಕೂ ಎಷ್ಟು ಬೀಳುತ್ತದೆ ಎಂದು ಚೀಟಿಯಲ್ಲಿ ಬರೆಸಿದೆ. ಇಷ್ಟು ಹಳೆಯ ಕಟ್ಟಡಕ್ಕೆ ಹೊಸ ಮನೆಯ ಚದರಡಿ ದರ ಹಿಡಿಯಲಾಗದು. ನಿಜವಾದ ಬೆಲೆ ಇರುವುದು ಜಾಗಕ್ಕೆ. ಆದರೆ ಅದನ್ನು ಅವರ ಮುಖಕ್ಕೆ ಹೇಳಬೇಡಿ. ಚೀಟಿಯನ್ನು ಕೈಗೆ ಕೊಟ್ಟು ಸುಮ್ಮನೆ ಕುಳಿತೆ. ಯಜಮಾನರು ಕನ್ನಡಕ ಹುಡುಕಿ ತಂದು, ಎರಡು ಸಲ ಓದಿ, "ವೈರಿಂಗ್ ನಾನು ಒಪ್ಪುವುದಿಲ್ಲ, ಮೂರು ವರ್ಷದ ಹಿಂದೆ ಹೊಸದಾಗಿ ಹಾಕಿಸಿದ್ದು" ಎಂದರು. ಉಳಿದೆರಡನ್ನು ಒಪ್ಪಿದ ಹಾಗಾಯಿತಲ್ಲ!

ದಾವಣಗೆರೆಯಿಂದ, ನಿವೃತ್ತ ಬ್ಯಾಂಕ್ ನೌಕರ:

ಮೇಡಂ, ಅವರು ಎಷ್ಟಕ್ಕೆ ಇಳಿಯುತ್ತಾರೆ ಎಂಬುದು ಆಮೇಲಿನ ಮಾತು. ನೀವು ಎಲ್ಲಿಯವರೆಗೆ ಏರಬಹುದು ಎಂದು ಲೆಕ್ಕ ಹಾಕಿದ್ದೀರಾ?

30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲವಾದರೆ ಬ್ಯಾಂಕ್ ಮನೆಯ ಬೆಲೆಯ ಶೇ 80ರಷ್ಟು ಕೊಡಬಹುದು. ಸಾಲ 75 ಲಕ್ಷ ದಾಟಿದರೆ ಶೇ 75 ಮಾತ್ರ. ನೋಂದಣಿ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಪೂರ್ತಿ ನಿಮ್ಮ ಜೇಬಿನದು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು 7.6. ನೀವು ಒಪ್ಪಿದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ.

98ಕ್ಕೆ ಒಪ್ಪಿದಿರಿ ಎನ್ನಿ. ಸಾಲ 75, ಕೈಯಿಂದ 23, ನೋಂದಣಿಗೆ ಸುಮಾರು ಏಳೂವರೆ. ಅಲ್ಲಿಗೇ 30 ದಾಟಿತು. ಬ್ರೋಕರ್ ಹೇಳುವ 95 ಹಿಡಿಯಿರಿ: ಕೈಯಿಂದ 20, ನೋಂದಣಿಗೆ 7.22, ಕಮಿಷನ್ ಶೇ 1 ಎಂದರೂ 95 ಸಾವಿರ. 28 ಲಕ್ಷ 17 ಸಾವಿರ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಲು ಸಾಲ ಮಾಡಬೇಕು. 92ಕ್ಕಾದರೆ ಸಾಲ 73.6 ಸಿಗಬಹುದು, ನಿಮ್ಮ ಖರ್ಚು 26.3ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೇಸ್ತ್ರಿಗೆಂದು ಒಂದೂವರೆ ಲಕ್ಷ ಉಳಿಯುತ್ತದೆ. ಅಂದರೆ ನಿಮ್ಮ ಗಡಿ 92, ಅದರಾಚೆ ಆ ಮನೆ ನಿಮ್ಮದಲ್ಲ. ಈ ಅಂಕಿಯನ್ನು ಬ್ರೋಕರ್‌ಗೆ ಮಾತ್ರ ಹೇಳಬೇಡಿ. ಅವರ ಕಮಿಷನ್ ಬೆಲೆಯ ಜೊತೆಗೇ ಏರುತ್ತದೆ.

ಇನ್ನೊಂದು ವಿಷಯ. ಬ್ಯಾಂಕ್ ಕಳಿಸುವ ಮೌಲ್ಯಮಾಪಕರು 22 ವರ್ಷದ ಕಟ್ಟಡಕ್ಕೆ ಕಡಿಮೆ ಬೆಲೆ ಕಟ್ಟಿದರೆ ಸಾಲವೂ ಅಷ್ಟಕ್ಕೇ ಇಳಿಯುತ್ತದೆ. ಆದ್ದರಿಂದ ಸಾಲದ ಮಾತು ಮೊದಲು ಮುಗಿಸಿಕೊಂಡು, ಮಂಜೂರಾತಿ ಪತ್ರ ಹಿಡಿದು ಮಾಲೀಕರ ಮುಂದೆ ಕುಳಿತುಕೊಳ್ಳಿ. ಸಾಲ ಸಿಗದೆ ವ್ಯವಹಾರ ಮುರಿದ ಪಾರ್ಟಿಗಳನ್ನು ಕಂಡು ಬೇಸತ್ತ ಮಾಲೀಕರು ಆ ಒಂದು ಹಾಳೆಗೆ ಲಕ್ಷ ಎರಡು ಲಕ್ಷ ಬಿಟ್ಟದ್ದನ್ನು ನಾನೇ ನೋಡಿದ್ದೇನೆ.

ಶಿವಮೊಗ್ಗದಿಂದ:

ನಾನು ಮಾರಿದವಳು, ಆ ಕಡೆಯ ಅನುಭವ ಹೇಳುತ್ತೇನೆ. ಅಪ್ಪ ಹೋದ ಮೇಲೆ ಅಮ್ಮನನ್ನು ನಮ್ಮ ಮನೆಗೆ ಕರೆದುಕೊಂಡು ಬರಬೇಕಾಗಿತ್ತು. ಮನೆ ನೋಡಲು ಏಳು ಜನ ಬಂದರು. ಅವರಲ್ಲಿ ಒಬ್ಬರು ಹಜಾರದ ಗೋಡೆಯನ್ನು ಬೆರಳಿನಿಂದ ಕುಟ್ಟಿ, "ಇದೆಲ್ಲ ಒಡೆಯುವುದೇ, ನಮಗೆ ಜಾಗ ಸಾಕು" ಎಂದರು. ಅಮ್ಮ ಅಲ್ಲೇ ಹೂಬತ್ತಿ ಹೊಸೆಯುತ್ತಾ ಕುಳಿತಿದ್ದಳು. ಆ ಗೋಡೆಗೆ ಅವಳೇ ನೀರು ಹೊಡೆದಿದ್ದಳಂತೆ, ನಾನು ಹೊಟ್ಟೆಯಲ್ಲಿದ್ದಾಗ. ಅವರು ಎಲ್ಲರಿಗಿಂತ ಹೆಚ್ಚು ಕೊಡಲು ಸಿದ್ಧರಿದ್ದರು. "ಅವರಿಗೆ ಬೇಡ" ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು.

ಕೊನೆಗೆ ಕೊಟ್ಟದ್ದು ಎರಡು ಲಕ್ಷ ಕಡಿಮೆಗೆ, ಒಬ್ಬ ಕೆಎಸ್‌ಆರ್‌ಟಿಸಿ ನೌಕರರಿಗೆ. ಅವರು ಬೆಲೆ ಹೇಳುವ ಮೊದಲು ಕೇಳಿದ ಪ್ರಶ್ನೆ, "ಅಮ್ಮಾ, ಮನೆ ಬಿಡಲು ನಿಮಗೆ ಎಷ್ಟು ದಿನ ಬೇಕು?" ಮೂರು ತಿಂಗಳು ಎಂದಳು. ನೋಂದಣಿಯಾದ ಮೇಲೂ ಮೂರು ತಿಂಗಳು ಬಾಡಿಗೆಯಿಲ್ಲದೆ ಇರಿ, ಒರಳುಕಲ್ಲು, ತೂಗುಮಣೆ ಏನು ಬೇಕಾದರೂ ತೆಗೆದುಕೊಂಡು ಹೋಗಿ ಎಂದರು. ಆಮೇಲೆ ಬಹಳ ಗಟ್ಟಿಯಾಗಿಯೇ ಚೌಕಾಸಿ ಮಾಡಿದರು, ಸುಮ್ಮನೆ ಬಿಟ್ಟವರೇನಲ್ಲ. ನಿಮ್ಮ ಯಜಮಾನರು ಒಂಟಿಯಾಗಿದ್ದಾರೆ ಎಂದಿರಿ. ಮಾರಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ, ಯಾವಾಗ ಹೋಗುತ್ತಾರೆ ಎಂದು ಕೇಳಿದ್ದೀರಾ?

ತುಮಕೂರಿನಿಂದ, ವಕೀಲ:

ಎಲ್ಲರೂ ಬೆಲೆಯ ಹಿಂದೆ ಬಿದ್ದಿದ್ದಾರೆ. ಪ್ರಶ್ನೆಯ ನಡುವೆ ಈ ತಂಗಿ ಹೇಳಿಬಿಟ್ಟ ಒಂದು ಮಾತನ್ನು ಯಾರೂ ಗಮನಿಸಲಿಲ್ಲ. ಮನೆ ತೀರಿಕೊಂಡ ಪತ್ನಿಯ ಹೆಸರಿನಲ್ಲಿದೆ. ಹಿಂದೂ ಕುಟುಂಬವಾಗಿದ್ದು ಆಕೆ ಉಯಿಲು ಬರೆಯದೆ ಹೋಗಿದ್ದರೆ ಗಂಡ, ಮಗ, ಮಗಳು ಮೂವರಿಗೂ ಸಮಪಾಲು. ಯಜಮಾನರೊಬ್ಬರೇ ಮಾರಲು ಬರುವುದಿಲ್ಲ. ಮೂವರೂ ಸಹಿ ಹಾಕಬೇಕು, ಇಲ್ಲವೇ ಮಕ್ಕಳು ತಂದೆಗೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಡಬೇಕು. ಮಗಳು ಬರಲಾಗದಿದ್ದರೆ ಅಲ್ಲಿಂದಲೇ ಕ್ರಮಬದ್ಧವಾಗಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಬೇಕು. ಪಾಲಿಕೆಯ ಆಸ್ತಿ ಖಾತೆ ವಾರಸುದಾರರ ಹೆಸರಿಗೆ ಬದಲಾಗಬೇಕು, ಅದರ ಡಿಜಿಟಲ್ ರೂಪವಾದ ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಇಲ್ಲ. ಇಷ್ಟೆಲ್ಲ ಬಾಕಿ ಇರುವಾಗ ನಾಳೆ ಸಂಜೆಯೊಳಗೆ ಟೋಕನ್ ಯಾರಿಗೆ ಕೊಡುತ್ತೀರಿ, ಯಾವ ಹಕ್ಕಿನ ಮೇಲೆ ಅವರು ಪಡೆಯುತ್ತಾರೆ?

ಒಪ್ಪಂದದ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ, ಕಡಿದು ಸರ್ಕಾರಕ್ಕೆ ಕಟ್ಟಬೇಕು. ಅದು ಮಾರುವವರ ಹಣದಿಂದ ಹೋಗುವುದು, ನಿಮ್ಮ ಮೇಲಿನ ಹೊರೆಯಲ್ಲ. ಆದರೆ ಮಗಳು ಅನಿವಾಸಿಯಾಗಿದ್ದರೆ ಅವಳ ಪಾಲಿಗೆ ಈ ಶೇ 1 ನಡೆಯುವುದಿಲ್ಲ, ಕಡಿತ ಬಹಳ ಹೆಚ್ಚು. ಕಡಿಯದೆ ಬಿಟ್ಟರೆ ಇಲಾಖೆ ಹಿಡಿಯುವುದು ನಿಮ್ಮನ್ನು. ಇದನ್ನು ಚೌಕಾಸಿಯ ದಿನವೇ ಬಾಯಿಬಿಟ್ಟು ಹೇಳಿ. ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಈ ಜಗಳ ಶುರುವಾದದ್ದನ್ನು ನೋಡಿದ್ದೇನೆ.

ನಗದಿನ ಮಾತಿಗೆ ಮಾತ್ರ ಒಪ್ಪಲೇಬೇಡಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು 2015ರ ಜೂನ್‌ನಿಂದ ನಿಷಿದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ನಿಮಗಾಗುವ ನಷ್ಟ ಬೇರೆ. ಕಾಗದದಲ್ಲಿ 80 ಎಂದಿದ್ದರೆ ಬ್ಯಾಂಕ್ 80ರ ಮೇಲೆ ಸಾಲ ಕೊಡುತ್ತದೆ, ಉಳಿದ 15 ಎಲ್ಲಿಂದ ತರುತ್ತೀರಿ? ಮುಂದೆ ನೀವು ಮಾರುವಾಗಲೂ ಕೊಂಡ ಬೆಲೆ 80 ಎಂದೇ ಲೆಕ್ಕ, ಲಾಭದ ತೆರಿಗೆ ಅಷ್ಟು ಹೆಚ್ಚು.

ಮಂಡ್ಯದಿಂದ:

ಬಾಗಿಲು ದಕ್ಷಿಣಕ್ಕೆ ಎಂದಿರಲ್ಲ, ಅದೇ ನಿಮಗೆ ಅನುಕೂಲ. ನೋಡಲು ಬಂದ ಅರ್ಧ ಜನ ದಿಕ್ಕು ಕೇಳಿಯೇ ವಾಪಸ್ ಹೋಗಿರುತ್ತಾರೆ, ಮಾಲೀಕರಿಗೂ ಅದು ಗೊತ್ತಿರುತ್ತದೆ. ನಮ್ಮದೂ ದಕ್ಷಿಣದ ಬಾಗಿಲೇ. 11 ವರ್ಷವಾಯಿತು, ಯಮ ಇನ್ನೂ ವಿಳಾಸ ಕೇಳಿಕೊಂಡು ಬಂದಿಲ್ಲ. ನಾವು ಮಾತು ಮುಗಿಸಿದ್ದು ಆಷಾಢದಲ್ಲಿ, ಆಗ ಮನೆ ನೋಡಲು ನರಪಿಳ್ಳೆಯೂ ಬರುವುದಿಲ್ಲ. ಮಾಲೀಕರು ಮೂರು ಲಕ್ಷ ಇಳಿದರು. ಅಗ್ರಿಮೆಂಟ್ ಮಾತ್ರ ಶ್ರಾವಣಕ್ಕೆ ಇಟ್ಟುಕೊಂಡೆವು, ಅತ್ತೆಯವರ ಸಮಾಧಾನಕ್ಕೆ. ಆದರೆ ನಾಳೆ ನೀವು ಮಾರುವಾಗ ಇದೇ ದಕ್ಷಿಣ ನಿಮ್ಮ ಬೆಲೆಯನ್ನೂ ಇಳಿಸುತ್ತದೆ, ನೆನಪಿರಲಿ.

"ಇನ್ನೊಂದು ಪಾರ್ಟಿ" ನಮಗೂ ಇತ್ತು. ಮೂರು ವಾರ ನಾಳೆ ಬರುತ್ತಾರೆ, ನಾಳೆ ಬರುತ್ತಾರೆ ಎಂದರು. ಅಷ್ಟು ಹೊತ್ತಿಗೆ ನಡೆದುಕೊಂಡು ಬಂದಿದ್ದರೂ ಮುಟ್ಟುತ್ತಿದ್ದರು.

ಕೇಳಿದವರೇ, ಹನ್ನೆರಡು ದಿನದ ಮೇಲೆ:

ಎಲ್ಲರಿಗೂ ನಮಸ್ಕಾರ. ಟೋಕನ್ ಕೊಡಲಿಲ್ಲ. ಬ್ರೋಕರ್ ಎರಡು ದಿನ ಮುನಿಸಿಕೊಂಡಿದ್ದು ಮೂರನೆಯ ದಿನ ತಾವೇ ಫೋನ್ ಮಾಡಿದರು. ಆ ಇನ್ನೊಂದು ಪಾರ್ಟಿಯ ಸುದ್ದಿ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಭಾನುವಾರ ಮೇಸ್ತ್ರಿಯ ಜೊತೆ ಹೋಗಿ ಚೀಟಿ ಬರೆಸಿದೆವು. ತಾರಸಿಗೂ ಸ್ನಾನದ ಮನೆಗೂ ಸೇರಿ ಮೂರು ಲಕ್ಷದ ಹತ್ತಿರ ಬಂತು. ಉಯಿಲಿನ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ, ಗೋಡೆಯ ಮೇಲೆ ಆ ತಾಯಿಯ ಫೋಟೋಗೆ ಆಗಷ್ಟೇ ಹೂ ಏರಿಸಿದ್ದರು. ಅಂಕಲ್ ಅವರೇ ಪ್ರಸ್ತಾಪ ಮಾಡಿದರು: ಉಯಿಲು ಇಲ್ಲ, ಮಗಳು ಡಿಸೆಂಬರ್‌ನಲ್ಲಿ ಬರುತ್ತಾಳೆ, ಅಣ್ಣ ತಂಗಿ ಇಬ್ಬರೂ ಸಹಿ ಹಾಕುತ್ತಾರೆ, ಅಲ್ಲಿಯವರೆಗೆ ತಾವು ಇಲ್ಲೇ ಇರಬೇಕು. ಆಗಬಹುದು ಎಂದೆವು. ಆಮೇಲೆ ನಾನು 86 ಹೇಳಿದೆ. ಫ್ಯಾನ್ ಆರಿಸುತ್ತಾರೇನೋ ಎಂದು ಸ್ವಿಚ್ಚಿನ ಕಡೆಯೇ ನೋಡುತ್ತಿದ್ದೆ. ಅವರು ನಕ್ಕು, "ಅಷ್ಟಕ್ಕೆ ಮಗಳು ಒಪ್ಪುವುದಿಲ್ಲಮ್ಮ, 94 ಮಾಡಿ" ಎಂದರು. ಈಗ ಅವರು 93ರಲ್ಲಿ ಇದ್ದಾರೆ, ನಾವು 90ರಲ್ಲಿ. ಮಕ್ಕಳ ಜೊತೆ ಮಾತಾಡಿ ಗುರುವಾರ ಹೇಳುತ್ತೇನೆ ಎಂದಿದ್ದಾರೆ.

ಹೊರಡುವಾಗ ಹಿತ್ತಲಿನ ಮರದಿಂದ ಒಂದು ಹಿಡಿ ನುಗ್ಗೆಕಾಯಿ ಕಿತ್ತು ಕೊಟ್ಟರು. ನಮ್ಮ ಮನೆಯವರು ಅದಕ್ಕೂ ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದ್ದರು.